ಇಂಗ್ಲೆಂಡಿನ ಜಿಸಿಎಸ್‌ಇ ಭೌತವಿಜ್ಞಾನದಲ್ಲಿ ಶಕ್ತಿಯ ಪಾಠ: ಕನ್ನಡಿಗ ಪೋಷಕರಿಗಾಗಿ

ಕರ್ನಾಟಕದಲ್ಲಿ ಹೈಸ್ಕೂಲು ಓದಿ ಇಂಗ್ಲೆಂಡಿನಲ್ಲಿ ನೆಲೆಸಿದ ತಂದೆತಾಯಿಗಳಿಗೆ ಮಕ್ಕಳ ಭೌತವಿಜ್ಞಾನದ ಪುಸ್ತಕದಲ್ಲಿರುವ ಸೂತ್ರಗಳೆಲ್ಲ ಪರಿಚಿತವೇ. ತೊಡಕು ಬರುವುದು ಶಕ್ತಿಯನ್ನು ಮಾತಿನಲ್ಲಿ ವಿವರಿಸುವಾಗ. ಶಕ್ತಿಗೆ ಬೆಳಕು, ಧ್ವನಿ, ವಿದ್ಯುತ್, ಉಷ್ಣ ಮುಂತಾದ ರೂಪಗಳಿವೆ, ಒಂದು ರೂಪ ಇನ್ನೊಂದಾಗಿ ಪರಿವರ್ತನೆಯಾಗುತ್ತದೆ ಎಂದು ನಾವು ಕಲಿತೆವು. 2016ರಲ್ಲಿ ಬೋಧನೆ ಆರಂಭವಾಗಿ 2018ರಲ್ಲಿ ಮೊದಲ ಪರೀಕ್ಷೆ ನಡೆದ ಈಗಿನ ಜಿಸಿಎಸ್‌ಇ (ಸುಮಾರು 16ರ ವಯಸ್ಸಿನಲ್ಲಿ ಬರೆಯುವ ಶಾಲಾ ಪರೀಕ್ಷೆ) ಪಠ್ಯಕ್ರಮವು ಆ ಮಾತಿನ ರೂಢಿಯನ್ನು ಬದಿಗಿಟ್ಟು, ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ಬಹುಕಾಲದಿಂದ ಪ್ರತಿಪಾದಿಸುತ್ತ ಬಂದ 'ಎನರ್ಜಿ ಸ್ಟೋರ್' ಮತ್ತು 'ಟ್ರಾನ್ಸ್‌ಫರ್' ಎಂಬ ನಿರೂಪಣೆಯತ್ತ ಸರಿದಿದೆ.

ಈ ನಿರೂಪಣೆಯಲ್ಲಿ ಶಕ್ತಿ ಒಂದೇ. ಅದು ಬೇರೆ ಬೇರೆ ಸ್ಟೋರ್‌ಗಳಲ್ಲಿ ಇರುತ್ತದೆ. ಚಲನೆ, ಗುರುತ್ವ, ಸ್ಥಿತಿಸ್ಥಾಪಕತೆ, ಉಷ್ಣ, ರಾಸಾಯನಿಕ, ನ್ಯೂಕ್ಲಿಯರ್, ಕಾಂತೀಯ ಮತ್ತು ಸ್ಥಾಯಿವಿದ್ಯುತ್ ಎಂಬ ಎಂಟು ಸ್ಟೋರ್‌ಗಳನ್ನು ಶಾಲೆಗಳು ಸಾಮಾನ್ಯವಾಗಿ ಹೇಳಿಕೊಡುತ್ತವೆ. ಬೆಳಕು, ಧ್ವನಿ, ವಿದ್ಯುತ್ ಈ ಪಟ್ಟಿಯಲ್ಲಿ ಇಲ್ಲ, ಏಕೆಂದರೆ ಅವು ಶಕ್ತಿ ಒಂದು ಸ್ಟೋರ್‌ನಿಂದ ಇನ್ನೊಂದಕ್ಕೆ ಸಾಗುವ ದಾರಿಗೆ ಸಂಬಂಧಿಸಿದವು. ಬಲದ ಮೂಲಕ, ವಿದ್ಯುತ್ ಪ್ರವಾಹದ ಮೂಲಕ, ತಾಪವ್ಯತ್ಯಾಸದಿಂದ ಮತ್ತು ವಿಕಿರಣದ ಮೂಲಕ ಎಂದು ಆ ದಾರಿಗಳು ನಾಲ್ಕು.

ಇದು ಬರೀ ಹೆಸರು ಬದಲಿಸುವ ಕಸರತ್ತಲ್ಲ. 'ರಾಸಾಯನಿಕ ಶಕ್ತಿ ವಿದ್ಯುತ್ ಶಕ್ತಿಯಾಗಿ, ಅದು ಬೆಳಕಾಗಿ' ಎಂದು ಸರಪಳಿ ಹೆಣೆದ ವಿದ್ಯಾರ್ಥಿಗೆ ಏನನ್ನು ಲೆಕ್ಕ ಹಾಕಬೇಕೆಂಬುದು ಹೊಳೆಯಬೇಕಿಲ್ಲ. ಹೊಸ ಕ್ರಮದಲ್ಲಿ ಮೊದಲು ಒಂದು ವ್ಯವಸ್ಥೆಯನ್ನು ಗುರುತಿಸಬೇಕು, ಆರಂಭದ ಮತ್ತು ಅಂತ್ಯದ ಕ್ಷಣಗಳನ್ನು ಆರಿಸಿಕೊಳ್ಳಬೇಕು, ಆ ಎರಡರ ನಡುವೆ ಯಾವ ಸ್ಟೋರ್‌ನಲ್ಲಿ ಎಷ್ಟು ಜೂಲ್ ಹೆಚ್ಚಿತು, ಯಾವುದರಲ್ಲಿ ಎಷ್ಟು ಕಡಿಮೆಯಾಯಿತು ಎಂಬುದನ್ನು ಹೇಳಬೇಕು. ನಡುವಿನ ಕಥೆ ಗೌಣ, ಲೆಕ್ಕ ಮುಖ್ಯ.

ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಪಠ್ಯಕ್ರಮವೇ ಹೆಸರಿಸುವ ಎಲೆಕ್ಟ್ರಿಕ್ ಕೆಟಲ್‌ನ ಉದಾಹರಣೆಯನ್ನು ನೋಡೋಣ. ಒಂದು ಕಿಲೋಗ್ರಾಂ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕಾದರೆ, ನೀರಿನ ವಿಶಿಷ್ಟೋಷ್ಣ (ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಕ್ತಿ) 4,200 ಜೂಲ್ ಎಂದಿಟ್ಟುಕೊಂಡಾಗ, ಅದರ ಉಷ್ಣ ಸ್ಟೋರ್ 3,36,000 ಜೂಲ್‌ನಷ್ಟು ಹೆಚ್ಚಬೇಕು. ಇಲ್ಲಿನ ಅಡುಗೆಮನೆಗಳಲ್ಲಿ ಸಾಮಾನ್ಯವಾದ 3 ಕಿಲೋವಾಟ್ ಕೆಟಲ್‌ಗೆ ಏನೂ ಪೋಲಾಗದಿದ್ದರೆ 112 ಸೆಕೆಂಡು ಸಾಕು. ನಿಮ್ಮ ಕೆಟಲ್ 140 ಸೆಕೆಂಡು ತೆಗೆದುಕೊಂಡಿತು ಎನ್ನಿ. ಆಗ ಒಳಗೆ ಬಂದದ್ದು 4,20,000 ಜೂಲ್, ದಕ್ಷತೆ ಶೇ. 80. ಉಳಿದ 84,000 ಜೂಲ್ ಪಾತ್ರೆಯ ಮತ್ತು ಸುತ್ತಲಿನ ಗಾಳಿಯ ಉಷ್ಣ ಸ್ಟೋರ್‌ಗೆ ಸೇರಿತು. ಇದನ್ನು 'ನಷ್ಟವಾಯಿತು' ಎನ್ನದೆ 'ಡಿಸಿಪೇಟ್ ಆಯಿತು', ಅಂದರೆ ಉಪಯೋಗಕ್ಕೆ ಬಾರದಂತೆ ಹರಡಿಹೋಯಿತು ಎಂದು ಬರೆಯಲು ಮಕ್ಕಳಿಗೆ ಕಲಿಸಿರುತ್ತಾರೆ. ಶಕ್ತಿ ಸಂರಕ್ಷಣಾ ನಿಯಮವನ್ನು ಬಾಯಿಪಾಠ ಒಪ್ಪಿಸುವುದಕ್ಕಿಂತ ಇಂಥ ಒಂದು ಲೆಕ್ಕ ಮನೆಯಲ್ಲೇ ಮಾಡಿಸುವುದು ಮೇಲು.

ಈ ಪದ್ಧತಿಗೂ ಇಕ್ಕಟ್ಟುಗಳಿವೆ ಎನ್ನಬೇಕು. ಒಂದೇ ಸಮನೆ ಉರಿಯುತ್ತಿರುವ ಬಲ್ಬಿನಲ್ಲಿ ಯಾವ ಸ್ಟೋರ್ ತುಂಬುತ್ತಿದೆ? ಖಾಲಿಯಾಗುತ್ತಿರುವ ಸ್ಟೋರ್ ದೂರದ ವಿದ್ಯುತ್ ಸ್ಥಾವರದ್ದು, ತುಂಬುತ್ತಿರುವುದು ಕೋಣೆಯ ಗೋಡೆಗಳದ್ದು. ಬಲ್ಬಿನದು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಅಲ್ಲಿ ಸ್ಟೋರ್‌ಗಳನ್ನು ಹುಡುಕುತ್ತ ಕೂರುವುದಕ್ಕಿಂತ ಸೆಕೆಂಡಿಗೆ ಎಷ್ಟು ಜೂಲ್ ಎಂಬ ಸಾಮರ್ಥ್ಯದ ಮಾತಾಡುವುದೇ ಸರಿ. ಎಂಟು ಸ್ಟೋರ್‌ಗಳ ಪಟ್ಟಿಯೂ ಹಳೆಯ ರೂಪಗಳ ಪಟ್ಟಿಯಂತೆ ಬರೀ ಕಂಠಪಾಠವಾದರೆ ಬದಲಾವಣೆಯ ಉದ್ದೇಶವೇ ತಪ್ಪಿಹೋಗುತ್ತದೆ.

ಮನೆಯಲ್ಲಿ ಪಾಠ ಹೇಳುವ ಪೋಷಕರು ಮಗುವಿನ 'ಸ್ಟೋರ್' ಭಾಷೆಯನ್ನು ತಿದ್ದಿ 'ಧ್ವನಿ ಶಕ್ತಿ' ಎಂದು ಬರೆಸಬಾರದು. ಭೌತವಿಜ್ಞಾನ ತಪ್ಪೆಂದಲ್ಲ, ಉತ್ತರಪತ್ರಿಕೆಯಲ್ಲಿ ಅಂಕ ಹೋಗುವ ಅಪಾಯವಿದೆ ಎಂದು. ಗುರುತ್ವ ಸ್ಟೋರ್‌ನ ಲೆಕ್ಕದಲ್ಲಿ ನಮ್ಮ ರೂಢಿಯ ಬೆಲೆಯ ಬದಲು ಪ್ರಶ್ನೆಯಲ್ಲಿ ಕೊಟ್ಟ ಬೆಲೆಯನ್ನೇ (ಎಕ್ಯೂಎಯಲ್ಲಿ 9.8 ನ್ಯೂಟನ್ ಪ್ರತಿ ಕಿಲೋಗ್ರಾಂ) ಬಳಸಲಿ. ಆಹಾರದ ಪೊಟ್ಟಣಗಳ ಮೇಲಿನ ಕಿಲೋಜೂಲ್ ಸಂಖ್ಯೆಗಳೂ ವಿದ್ಯುತ್ ಬಿಲ್ಲಿನ ಕಿಲೋವಾಟ್-ಅವರ್‌ಗಳೂ 11ರಿಂದ 14 ವರ್ಷದ ಮಕ್ಕಳ ಪಠ್ಯಕ್ರಮದಲ್ಲಿಯೇ ಇವೆ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಎಕ್ಯೂಎ ಮಂಡಳಿಯಲ್ಲಿ ಶಕ್ತಿಯ ಅಧ್ಯಾಯ ಭೌತವಿಜ್ಞಾನದ ಮೊದಲ ಪತ್ರಿಕೆಯಲ್ಲಿ ಬರುತ್ತದೆ. ಭೌತವಿಜ್ಞಾನವನ್ನು ಪ್ರತ್ಯೇಕ ವಿಷಯವಾಗಿ ತೆಗೆದುಕೊಂಡವರಿಗೆ ಅದು 100 ಅಂಕಗಳ ಪತ್ರಿಕೆ, ಮೂರೂ ವಿಜ್ಞಾನಗಳನ್ನು ಸೇರಿಸಿ ಓದುವ ಕಂಬೈನ್ಡ್ ಸೈನ್ಸ್‌ನವರಿಗೆ 70. ಎರಡು ಹಂತಗಳಲ್ಲಿ ಸುಲಭವಾದ ಫೌಂಡೇಶನ್ ಹಂತದಲ್ಲಿ ಕುಳಿತ ಮಗುವಿಗೆ, 9ರವರೆಗಿನ ಗ್ರೇಡ್‌ಗಳಲ್ಲಿ 5ಕ್ಕಿಂತ ಮೇಲಿನ ಗ್ರೇಡ್ ಸಿಗುವುದಿಲ್ಲವಾದ್ದರಿಂದ, ಹತ್ತನೆಯ ಇಯರ್‌ನಲ್ಲಿಯೇ ಯಾವ ಹಂತಕ್ಕೆ ಸಿದ್ಧಪಡಿಸುತ್ತಿದ್ದೀರಿ, ಮಂಡಳಿ ಎಕ್ಯೂಎಯೋ, ಪಿಯರ್ಸನ್ ಎಡೆಕ್ಸೆಲ್ಲೋ, ಒಸಿಆರೋ ಎಂದು ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಜಿಸಿಎಸ್‌ಇಯ ಬದಲು ನ್ಯಾಷನಲ್ 5 ಎಂಬ ಬೇರೆಯೇ ಪರೀಕ್ಷೆಯಿದೆ. ಅಲ್ಲಿರುವವರು ಇಲ್ಲಿನ ಪತ್ರಿಕೆಗಳನ್ನು ನೆಚ್ಚಬಾರದು.