ಮನೆ ಕಂಪ್ಯೂಟರಿನ ನೋಟಿಫಿಕೇಶನ್ ಕಾಟ ಕಡಿಮೆ ಮಾಡಿದ್ದು ಹೀಗೆ

ನಮ್ಮ ಮನೆಯಲ್ಲಿರುವುದು ವಿಂಡೋಸ್ 11 ಇರುವ ಒಂದೇ ಕಂಪ್ಯೂಟರ್. ಅಪ್ಪ ಬ್ಯಾಂಕಿನ ಕೆಲಸಕ್ಕೆ ಕೂರುತ್ತಾರೆ, ಮಗಳು ಓದಿಗೆ, ನಾನು ಉಳಿದೆಲ್ಲದಕ್ಕೆ. ಪರದೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ಸದಾ ಏನಾದರೊಂದು ಬರುತ್ತಲೇ ಇರುತ್ತಿತ್ತು. ಆಫರ್, ಸುದ್ದಿ, ಅಪ್‌ಡೇಟ್. ಬಂದಿದ್ದನ್ನು ಓದದೇ ಮುಚ್ಚುವುದು ಎಲ್ಲರಿಗೂ ರೂಢಿಯಾಗಿತ್ತು. ನನಗೆ ಚಿಂತೆ ಹತ್ತಿಸಿದ್ದು ಅದೇ. ನಿಜವಾದ ಎಚ್ಚರಿಕೆ ಬಂದರೂ ಹಾಗೇ ಮುಚ್ಚಿಬಿಡುತ್ತಾರೆ ಅಲ್ವಾ?

ಅದಕ್ಕೆ ಮೊದಲು ಗದ್ದಲ ಇಳಿಸೋಣ ಎಂದು ಬ್ರೌಸರಿನಿಂದ ಶುರು ಮಾಡಿದೆ. ಅಪ್ಪನಿಗೆ ಆಗಾಗ 'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈಗಲೇ ಸರಿಪಡಿಸಿ' ಎಂಬ ಸಂದೇಶ ಬರುತ್ತಿತ್ತು. ಕೆಂಪು ಗುರುತು, ಗುರಾಣಿ ಚಿತ್ರ, ಎಲ್ಲಾ ಅಸಲಿಯಂತೆಯೇ. ಆದರೆ ಹತ್ತಿರದಿಂದ ನೋಡಿದರೆ ಬ್ರೌಸರಿನ ಹೆಸರು, ಜೊತೆಗೆ ಸಣ್ಣ ಅಕ್ಷರದಲ್ಲಿ ಯಾವುದೋ ಗೊತ್ತಿಲ್ಲದ ವೆಬ್‌ಸೈಟ್ ವಿಳಾಸ ಕಾಣುತ್ತದೆ. ಆಂಟಿವೈರಸ್ ಕಳಿಸಿದ್ದಲ್ಲ ಎನ್ನುವುದಕ್ಕೆ ಅಷ್ಟು ಸಾಕು. 'ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ' ಎನ್ನುವ ಪುಟಗಳು ಹೀಗೇ ನೋಟಿಫಿಕೇಶನ್ ಕಳಿಸಲು ಅನುಮತಿ ಪಡೆದುಕೊಳ್ಳುತ್ತವೆ. ಒಮ್ಮೆ ಒತ್ತಿದರೆ ಆ ಪುಟ ಮುಚ್ಚಿದ ಮೇಲೂ ಸಂದೇಶ ಬರುತ್ತಿರುತ್ತದೆ.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಅಲ್ಲೇ ಇರುತ್ತದೆ. ಎಲ್ಲವನ್ನೂ ತೆಗೆದುಹಾಕಿದೆ. ಯಾವ ಸೈಟೂ ಇನ್ನು ಮುಂದೆ ಕೇಳಲೇಬಾರದು ಎಂಬ ಆಯ್ಕೆಯೂ ಅಲ್ಲೇ ಇದೆ, ಅದನ್ನೂ ಒತ್ತಿದೆ. ಮನೆಯ ಕಂಪ್ಯೂಟರಿಗೆ ವೆಬ್‌ಸೈಟ್ ನೋಟಿಫಿಕೇಶನ್ ಬೇಕೇ ಬೇಕು ಎನ್ನುವ ಸಂದರ್ಭ ನನಗಂತೂ ಕಂಡಿಲ್ಲ. ಅರ್ಧಕ್ಕಿಂತ ಜಾಸ್ತಿ ಕಾಟ ಇಷ್ಟರಲ್ಲೇ ನಿಂತಿತು. ಉಳಿದ ಆ್ಯಪ್‌ಗಳದ್ದನ್ನು ವಿಂಡೋಸ್ ಸೆಟ್ಟಿಂಗ್ಸ್‌ನ ಸಿಸ್ಟಮ್, ನೋಟಿಫಿಕೇಶನ್ಸ್‌ನಲ್ಲಿ ಒಂದೊಂದಾಗಿ ಆಫ್ ಮಾಡಿದೆ.

ಇನ್ನು ಪರ್ಮಿಷನ್ ವಿಷಯ. ಸಾಫ್ಟ್‌ವೇರ್ ಹಾಕುವಾಗ ಪರದೆ ಮಬ್ಬಾಗಿ 'ಈ ಆ್ಯಪ್ ಬದಲಾವಣೆ ಮಾಡಬಹುದೇ' ಎಂದು ಕೇಳುತ್ತದಲ್ಲ, ಅದು ಯೂಸರ್ ಅಕೌಂಟ್ ಕಂಟ್ರೋಲ್, ಚಿಕ್ಕದಾಗಿ ಯುಎಸಿ. 2007ರಲ್ಲಿ ವಿಂಡೋಸ್ ವಿಸ್ಟಾ ಜೊತೆ ಬಂತು. ಆಗ ಮಾತೆತ್ತಿದರೆ ಕೇಳುತ್ತಿತ್ತು, ಜನ ಬೇಸತ್ತು ಆಫ್ ಮಾಡುತ್ತಿದ್ದರು. 2009ರ ವಿಂಡೋಸ್ 7ರಲ್ಲಿ ಯಾವಾಗ ಕೇಳಬೇಕು ಎಂದು ಆರಿಸಲು ಮೇಲೆ ಕೆಳಗೆ ಸರಿಸುವ ನಾಲ್ಕು ಹಂತದ ಸ್ಲೈಡರ್ ಕೊಟ್ಟರು. ಈಗಲೂ ಅದೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ಯುಎಸಿ ಎಂದು ಹುಡುಕಿದರೆ ಸಿಗುತ್ತದೆ.

ಅದು ತಾನಾಗಿ ಇರುವುದು ಮೇಲಿನಿಂದ ಎರಡನೇ ಹಂತದಲ್ಲಿ. ಆ ಹಂತದಲ್ಲಿ ವಿಂಡೋಸಿನ ಕೆಲವು ಸ್ವಂತ ಪ್ರೋಗ್ರಾಂಗಳು ಕೇಳದೆಯೇ ಅಡ್ಮಿನ್ ಅಧಿಕಾರ, ಅಂದರೆ ಇಡೀ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡುವ ಅಧಿಕಾರ ಪಡೆಯುತ್ತವೆ. ಕಳ್ಳ ಸಾಫ್ಟ್‌ವೇರ್‌ಗಳು ಇವುಗಳ ಬೆನ್ನಿಗೆ ಅಂಟಿಕೊಂಡು ಒಳಗೆ ನುಸುಳುವುದುಂಟು. ನಾನು ಸ್ಲೈಡರನ್ನು ಮೇಲಿನ ತುದಿಗೇ ಏರಿಸಿದೆ. ಮೇಲಿನಿಂದ ಮೂರನೇ ಹಂತಕ್ಕೆ ಇಳಿಸಿದರೆ ಪರದೆ ಮಬ್ಬಾಗುವುದಿಲ್ಲ. ಆ ಮಬ್ಬು ಸುಮ್ನೆ ಅಂದಕ್ಕಲ್ಲ. ಆ ಹೊತ್ತಿನಲ್ಲಿ ಬೇರೆ ಪ್ರೋಗ್ರಾಂಗಳು ನಮ್ಮ ಪರವಾಗಿ 'ಯೆಸ್' ಒತ್ತದಂತೆ ವಿಂಡೋಸ್ ಅವನ್ನು ದೂರ ಇಡುತ್ತದೆ.

ಸ್ಲೈಡರಿಗಿಂತ ಹೆಚ್ಚು ಫಲ ಕೊಟ್ಟದ್ದು ಅಕೌಂಟ್ ಬೇರೆ ಮಾಡಿದ್ದು. ಪಾಸ್‌ವರ್ಡ್ ಇರುವ ಹೊಸ ಅಡ್ಮಿನಿಸ್ಟ್ರೇಟರ್ ಅಕೌಂಟ್ ಮಾಡಿ, ಅದರಿಂದ ಲಾಗಿನ್ ಆಗಿ, ನನ್ನದೂ ಸೇರಿ ಎಲ್ಲರ ಅಕೌಂಟನ್ನೂ ಆ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್‌ಗೆ ಬದಲಿಸಿದೆ. ಈಗ ಬರೀ 'ಯೆಸ್' ಒತ್ತಿದರೆ ಆಗದು, ಅಡ್ಮಿನ್ ಪಾಸ್‌ವರ್ಡ್ ಹಾಕಬೇಕು. ಪಾಸ್‌ವರ್ಡ್ ಟೈಪ್ ಮಾಡುವಷ್ಟರಲ್ಲಿ ಕಣ್ಣು ಪಬ್ಲಿಷರ್, ಅಂದರೆ ಸಾಫ್ಟ್‌ವೇರ್ ಹೊರತಂದವರ ಹೆಸರಿನ ಮೇಲೆ ಬಿದ್ದೇ ಬೀಳುತ್ತದೆ. ಹೆಸರು ಖಚಿತವಾಗಿದ್ದರೆ ಪೆಟ್ಟಿಗೆಯ ಮೇಲ್ಪಟ್ಟಿ ನೀಲಿ, ಗೊತ್ತಿಲ್ಲದ ಪಬ್ಲಿಷರ್ ಆದರೆ ಹಳದಿ. ಹಳದಿ ಬಂದರೆ 'ನೋ' ಒತ್ತಿ ನನ್ನನ್ನು ಕರೆಯಿರಿ ಎಂದು ಮನೆಯಲ್ಲಿ ಹೇಳಿಟ್ಟಿದ್ದೇನೆ. ಈಗ ಮಗಳೇ ಬಣ್ಣ ನೋಡಿ ಹೇಳುತ್ತಾಳೆ, ಅದು ನನಗೆ ತುಂಬಾ ಖುಷಿ.

ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ ಇರುವ ವಿಂಡೋಸ್ ಸೆಕ್ಯೂರಿಟಿಯ ನೋಟಿಫಿಕೇಶನ್‌ನಲ್ಲಿ ಒಂದನ್ನು ಮಾತ್ರ ಆಫ್ ಮಾಡಿದೆ: ಇತ್ತೀಚಿನ ಸ್ಕ್ಯಾನ್ ಫಲಿತಾಂಶ. 'ಏನೂ ಸಿಗಲಿಲ್ಲ' ಎಂದು ಪದೇ ಪದೇ ಹೇಳುವ ಅಗತ್ಯ ಇಲ್ಲ. ಫೈಲ್ ತಡೆದಾಗ, ವೈರಸ್ ಸಿಕ್ಕಾಗ ಬರುವುದನ್ನು ಹಾಗೇ ಬಿಟ್ಟಿದ್ದೇನೆ.

ಅಲ್ಲೇ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಸಾಫ್ಟ್‌ವೇರ್) ಪ್ರೊಟೆಕ್ಷನ್ ಒಳಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬುದಿದೆ. ಅದು ತಾನಾಗಿ ಆನ್ ಆಗಿರುವುದಿಲ್ಲ. ಆನ್ ಮಾಡಿದರೆ ನಂಬಿಕೆಯಿಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿನ ಫೈಲುಗಳನ್ನು ಬದಲಿಸಲಾರವು. ಮೊದಮೊದಲು ಸ್ವಲ್ಪ ತಾಳ್ಮೆ ಬೇಕು. ನಮ್ಮ ಹಳೆಯ ಫೋಟೋ ಸಾಫ್ಟ್‌ವೇರ್ ಚಿತ್ರ ಸೇವ್ ಮಾಡಲಾಗದೆ ನಿಂತಿತು, ಬದಲಾವಣೆ ತಡೆದಿದ್ದೇವೆ ಎಂಬ ನೋಟಿಫಿಕೇಶನ್ ಬಂತು. ಇತ್ತೀಚೆಗೆ ತಡೆದ ಆ್ಯಪ್‌ಗಳ ಪಟ್ಟಿಗೆ ಹೋಗಿ ಅದೊಂದಕ್ಕೆ ಅನುಮತಿ ಕೊಟ್ಟೆ, ಸರಿಹೋಯಿತು. ಇಷ್ಟಕ್ಕೇ ಬೇಸತ್ತು ಇಡೀ ರಕ್ಷಣೆಯನ್ನೇ ಆಫ್ ಮಾಡಬೇಡಿ.

ಕೊನೆಗೆ ಕ್ಯಾಮೆರಾ, ಮೈಕ್. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯೂರಿಟಿಯಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಆ್ಯಪ್‌ಗಳನ್ನು ಒಂದೊಂದಾಗಿ ತಡೆಯಬಹುದು. ಹೊರಗಿನಿಂದ ಹಾಕಿದ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಒಟ್ಟಿಗೆ ಒಂದೇ ಸ್ವಿಚ್. ಆದರೆ ಯಾವುದು ಕೊನೆಯ ಬಾರಿ ಯಾವಾಗ ಬಳಸಿತು ಎಂಬುದನ್ನು ಅಲ್ಲೇ ತೋರಿಸುತ್ತದೆ. ವಿಡಿಯೋ ಕಾಲ್ ಮಾಡದ ಹೊತ್ತಿನಲ್ಲಿ ಯಾವುದಾದರೂ ಹೆಸರು ಕಂಡರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡುತ್ತೇನೆ.