ಡಿಎನ್‌ಎಸ್ ಸರ್ವರ್‌ಗೆ ಪ್ಯಾಚ್ ಹಾಕುವಾಗ ನಾನು ನೋಡುವುದು

ಡೊಮೇನ್ ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್‌ನ ತಂತ್ರಾಂಶ ಬೈಂಡ್ 9ರಲ್ಲಿ ಹೊಸ ಭದ್ರತಾ ಲೋಪ ಸಿಕ್ಕಿದೆ ಅಂತ ಗೊತ್ತಾದ ಕೂಡಲೇ ನಾನು ಎರಡು ವಿಷಯ ಹುಡುಕುತ್ತೇನೆ. ಅದು ಬಳಕೆದಾರರ ಪರವಾಗಿ ಉತ್ತರ ಹುಡುಕಿ ತರುವ ರಿಸಾಲ್ವರ್‌ಗೆ ತಾಗುತ್ತದೋ, ಡೊಮೇನ್‌ನ ಅಧಿಕೃತ ದಾಖಲೆ ಇಟ್ಟುಕೊಂಡು ಉತ್ತರಿಸುವ ಅಥಾರಿಟೇಟಿವ್ ಸರ್ವರ್‌ಗೋ? ಪ್ಯಾಚ್ (ಲೋಪ ಸರಿಪಡಿಸುವ ತಿದ್ದುಪಡಿ) ಹಾಕುವವರೆಗೆ ಸೆಟ್ಟಿಂಗ್ ಬದಲಿಸಿ ದಿನ ದೂಡಬಹುದೋ? ತೀವ್ರತೆಯ ಅಂಕ ನೋಡುವುದು ಆಮೇಲೆ.

ಈ ಅಭ್ಯಾಸ ಬಂದದ್ದು 2015ರಲ್ಲಿ, ಸಿವಿಇ-2015-5477 (ಸಿವಿಇ ಅಂದರೆ ಭದ್ರತಾ ಲೋಪಕ್ಕೆ ಕೊಡುವ ಗುರುತಿನ ಸಂಖ್ಯೆ) ಹೊರಬಿದ್ದಾಗ. ಟಿಕೀ ಬಗೆಯ (ಗುಪ್ತ ಕೀಲಿ ಹೊಂದಿಸಿಕೊಳ್ಳಲು ಬಳಸುವ) ಒಂದೇ ಒಂದು ಪ್ಯಾಕೆಟ್ ಬೇಕೆಂತಲೇ ದೋಷ ಕೆರಳುವಂತೆ ರೂಪಿಸಿ ಕಳಿಸಿದರೆ ಸಾಕು, ಬೈಂಡ್ ಅಲ್ಲೇ ನಿಂತುಹೋಗುತ್ತಿತ್ತು. ಎರಡೂ ಬಗೆಯ ಸರ್ವರ್‌ಗೂ ಅದೇ ಗತಿ. ಯಾರ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ನಾವು ಬರೆದಿಟ್ಟ ಪಟ್ಟಿಯನ್ನು ನೋಡುವ ಮೊದಲೇ ಆ ದೋಷವಿದ್ದ ಕೋಡ್ ಓಡುತ್ತಿತ್ತು. ಸೆಟ್ಟಿಂಗ್‌ನಿಂದ ಏನೂ ಆಗುತ್ತಿರಲಿಲ್ಲ, ಪ್ಯಾಚ್ ಒಂದೇ ದಾರಿ.

ಆಗಿನಿಂದ ನಮ್ಮ ಅಥಾರಿಟೇಟಿವ್ ಸರ್ವರ್‌ಗಳಲ್ಲಿ ಒಂದರಲ್ಲಿ ಬೈಂಡ್, ಇನ್ನೊಂದರಲ್ಲಿ ಎನ್‌ಎಸ್‌ಡಿ ಅನ್ನುವ ಬೇರೆ ಡಿಎನ್‌ಎಸ್ ತಂತ್ರಾಂಶ ಇಟ್ಟಿದ್ದೇನೆ. ಎರಡರ ಕೋಡ್ ಬೇರೆ ಬೇರೆ. ಒಂದು ಬಿದ್ದರೂ ಇನ್ನೊಂದು ಉತ್ತರ ಕೊಡುತ್ತಿರುತ್ತದೆ. ಕೆಲಸ ಜಾಸ್ತಿ, ನಿಜ. ಆದರೂ ಇದನ್ನು ಬಿಡಲು ನನಗೆ ಮನಸ್ಸಿಲ್ಲ.

ರಿಸಾಲ್ವರ್‌ಗಳ ವಿಷಯದಲ್ಲಿ ಈ ಉಪಾಯ ಯಾವಾಗಲೂ ನಡೆಯುವುದಿಲ್ಲ. 2024ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ಕೀಟ್ರ್ಯಾಪ್ ಅನ್ನುವ ಲೋಪದ ಮೂಲ, ಉತ್ತರ ನಿಜವಾದದ್ದೇ ಅಂತ ಡಿಜಿಟಲ್ ಸಹಿಯಿಂದ ಪರೀಕ್ಷಿಸುವ ಡಿಎನ್‌ಎಸ್‌ಸೆಕ್‌ನ ನಿಯಮಗಳಲ್ಲೇ ಇತ್ತು. ಹಲವು ಕೀಲಿ, ಹಲವು ಸಹಿ ಸೇರಿಸಿ ಕೊಟ್ಟರೆ ರಿಸಾಲ್ವರ್ ಎಲ್ಲವನ್ನೂ ಒಂದಕ್ಕೊಂದು ಹೋಲಿಸುತ್ತಾ ಕೂರುತ್ತಿತ್ತು. ಸಿಪಿಯು ಪೂರ್ತಿ ಅದಕ್ಕೇ ಹೋಗುತ್ತಿತ್ತು. ಬೈಂಡ್, ಅನ್‌ಬೌಂಡ್, ಪವರ್‌ಡಿಎನ್‌ಎಸ್ ರಿಕರ್ಸರ್ ಹೀಗೆ ಬೇರೆ ಬೇರೆ ರಿಸಾಲ್ವರ್ ತಂತ್ರಾಂಶಗಳೆಲ್ಲಕ್ಕೂ ಪ್ಯಾಚ್ ಬೇಕಾಯಿತು. ಡಿಎನ್‌ಎಸ್‌ಸೆಕ್ ಪರಿಶೀಲನೆಯನ್ನೇ ಆಫ್ ಮಾಡೋಣ ಅನ್ನುವ ಮಾತೂ ಬಂತು. ನಾನು ಒಪ್ಪಲಿಲ್ಲ. ಸುಳ್ಳು ಉತ್ತರಗಳನ್ನು ತಡೆಯುವ ಬೇಲಿಯನ್ನೇ ಕಿತ್ತರೆ ಹೇಗೆ, ಅಲ್ವಾ?

ಪ್ಯಾಚ್ ಹಾಕುವುದು ಮೊದಲು ಸೆಕೆಂಡರಿಗೆ (ಪ್ರೈಮರಿಯಿಂದ ದಾಖಲೆಗಳ ನಕಲು ಪಡೆಯುವ ಸರ್ವರ್), ಅದು ಸರಿಯಾಗಿ ಉತ್ತರ ಕೊಡುತ್ತಿದೆ ಅಂತ ಡಿಎನ್‌ಎಸ್ ಪ್ರಶ್ನೆ ಕೇಳುವ ಸಾಧನವಾದ ಡಿಗ್‌ನಿಂದ ನೋಡಿದ ಮೇಲೆ ಪ್ರೈಮರಿಗೆ. ಪ್ರತಿ ಸಲವೂ ರೀಸ್ಟಾರ್ಟ್‌ಗೆ ಮುಂಚೆ, ಸೆಟ್ಟಿಂಗ್ ಫೈಲಿನ ತಪ್ಪು ಹುಡುಕುವ ನೇಮ್ಡ್-ಚೆಕ್‌ಕಾನ್ಫ್‌ನ ಹೊಸ ಆವೃತ್ತಿ ಓಡಿಸುತ್ತೇನೆ. ಹೊಸ ಆವೃತ್ತಿಗೆ ಹಳೆಯ ಸೆಟ್ಟಿಂಗ್ ಒಂದು ಹಿಡಿಸದಿದ್ದರೂ ಸರ್ವರ್ ಮೇಲೇಳುವುದಿಲ್ಲ.

ಪ್ಯಾಕೇಜ್ ಇನ್‌ಸ್ಟಾಲ್ ಆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ರೀಸ್ಟಾರ್ಟ್ ಆಗದಿದ್ದರೆ ಮೆಮೊರಿಯಲ್ಲಿ ಹಳೆಯ ಪ್ರೋಗ್ರಾಮೇ ಓಡುತ್ತಿರುತ್ತದೆ. ಓಡುತ್ತಿರುವುದು ಯಾವ ಆವೃತ್ತಿ ಅಂತ ಬೈಂಡ್‌ನ ಆರ್‌ಎನ್‌ಡಿಸಿ ಸ್ಟೇಟಸ್ ಅನ್ನುವ ಕಮಾಂಡ್ ಹೇಳುತ್ತದೆ. ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಬೈಂಡ್‌ನ ಆವೃತ್ತಿ ಸಂಖ್ಯೆ ಹಳೆಯದೇ ಇದ್ದು ತಿದ್ದುಪಡಿ ಮಾತ್ರ ಸೇರಿರಬಹುದು. ಅದಕ್ಕೇ ಪ್ಯಾಕೇಜ್‌ನ ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಆ ಸರ್ವರ್‌ಗೆ ಪ್ಯಾಚ್ ಆಯಿತು ಅಂತ ಬರೆದುಕೊಳ್ಳುತ್ತೇನೆ.