ವರ್ಷನ್ ಜಗಳ ಬಿಡಿಸುವುದು: ಡಾಟ್‌ನೆಟ್‌ನಲ್ಲಿ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವವರಿಗೆ

ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ಗೆ ಪ್ಯಾಕೇಜುಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸಿಗುವ ನ್ಯೂಗೆಟ್‌ನಿಂದ ಒಂದನ್ನು ಹಾಕಲು ಹೋಗುತ್ತೀರಿ, ಕೆಂಪು ಎರರ್ ಸಾಲು ಬರುತ್ತದೆ. ಅದನ್ನು ಸರಿ ಮಾಡಲು ಇನ್ನೊಂದನ್ನು ಅಪ್‌ಡೇಟ್ ಮಾಡುತ್ತೀರಿ, ಆಗ ಮೂರನೆಯದು ತಕರಾರು ತೆಗೆಯುತ್ತದೆ. ಹೇಗೋ ಬಿಲ್ಡ್ ಮಾಡಿ ಬ್ಯಾಡಗಿಯ ಅಂಗಡಿಗೆ ಒಯ್ದು ಹಾಕಿದರೆ ಅಲ್ಲಿ ತೆರೆಯುವುದೇ ಇಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಅಂಗಡಿ, ಗೋದಾಮು, ಪ್ರಿಂಟಿಂಗ್ ಪ್ರೆಸ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಡೆಸ್ಕ್‌ಟಾಪ್ ಸ್ಕ್ರೀನ್ ಕಟ್ಟುವ ವಿನ್‌ಫಾರ್ಮ್ಸ್, ಡಬ್ಲ್ಯುಪಿಎಫ್ ಎರಡಕ್ಕೂ ಹೊಂದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಗಿರಾಕಿಯ ಕಂಪ್ಯೂಟರ್ ನೋಡಿ

ಎಲ್ಲರೂ ಪ್ಯಾಕೇಜಿನಿಂದ ಶುರು ಮಾಡುತ್ತಾರೆ. ಅದು ಉಲ್ಟಾ. ಗಿರಾಕಿಯ ಹತ್ತಿರ ಯಾವ ವಿಂಡೋಸ್ ಇದೆ ಎಂದು ನೋಡಿ ಫ್ರೇಮ್‌ವರ್ಕ್ (ಸಾಫ್ಟ್‌ವೇರ್ ಯಾವುದರ ಮೇಲೆ ಓಡಬೇಕೋ ಆ ಡಾಟ್‌ನೆಟ್ ವರ್ಷನ್) ಆರಿಸಬೇಕು, ಆ ಫ್ರೇಮ್‌ವರ್ಕಿಗೆ ತಕ್ಕ ಹಾಗೆ ಪ್ಯಾಕೇಜ್ ಆರಿಸಬೇಕು. ಈ ಕ್ರಮ ಹಿಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಅಮರಗೋಳ ಎಪಿಎಂಸಿಯ ಯಾವುದಾದರೂ ದಲಾಲಿ ಅಂಗಡಿಗೆ ಸಾಫ್ಟ್‌ವೇರ್ ಕೊಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಅಲ್ಲಿ ಹೋಗಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ವಿನ್‌ವರ್ ಅಂತ ಟೈಪ್ ಮಾಡಿ. ವಿಂಡೋಸ್ 7 ಕಂಡರೆ ಡಾಟ್‌ನೆಟ್ 8ರ ಆಸೆ ಬಿಡಿ, ಅದಕ್ಕೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ಡಾಟ್‌ನೆಟ್‌ನ ಹಳೆಯ ಸಾಲಿನ ಹೆಸರು ಡಾಟ್‌ನೆಟ್ ಫ್ರೇಮ್‌ವರ್ಕ್; 2019ರಲ್ಲಿ ಬಂದ ಅದರ 4.8 ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1ರ ಮೇಲೆ ಓಡುತ್ತದೆ. 4.8.1 ಓಡುವುದಿಲ್ಲ, ಇದನ್ನು ಗಮನಿಸಿ. ಒಂದು ಚುಕ್ಕೆಯ ವ್ಯತ್ಯಾಸ ಅಂತ ಸುಮ್ನೆ ಹಾಕಿಬಿಡುವವರಿದ್ದಾರೆ.

ವಿಂಡೋಸ್ 10 ಅಥವಾ 11 ಇದ್ದು ಹೊಸದಾಗಿ ಬರೆಯುತ್ತಿದ್ದರೆ ಹೊಸ ಡಾಟ್‌ನೆಟ್ ಹಿಡಿಯಿರಿ. ಡಾಟ್‌ನೆಟ್ 6ರ ಬೆಂಬಲ 2024ರ ನವೆಂಬರ್‌ನಲ್ಲಿ ಮುಗಿಯಿತು. 8ಕ್ಕೆ 2026ರ ನವೆಂಬರ್ ತನಕ ಇದೆ. 2025ರ ನವೆಂಬರ್‌ನಲ್ಲಿ ಬಂದ 10ಕ್ಕೆ ಮೂರು ವರ್ಷದ ಬೆಂಬಲವಿದೆ. ಈಗ ಶುರು ಮಾಡುವವರಿಗೆ 10 ಚಲೋ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಪ್ರಶ್ನೆಯನ್ನೂ ಈಗಲೇ ಕೇಳಿಕೊಳ್ಳಿ. ನಿಮ್ಮ ಸಾಫ್ಟ್‌ವೇರಿನಲ್ಲಿ ಬಿಲ್, ರಿಪೋರ್ಟ್ ಪ್ರಿಂಟ್ ಮಾಡಲು ಕ್ರಿಸ್ಟಲ್ ರಿಪೋರ್ಟ್ಸ್ ಇದೆಯಾ? ಅದರ ವಿಷುವಲ್ ಸ್ಟುಡಿಯೋ ರನ್‌ಟೈಮ್ (ಓಡಿಸಲು ಬೇಕಾದ ಭಾಗ) ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕಿಗೆ ಮಾತ್ರ. ಡಾಟ್‌ನೆಟ್ 8ರ ಪ್ರಾಜೆಕ್ಟಿನೊಳಗೆ ಅದನ್ನು ತುರುಕುವ ಪ್ರಯತ್ನದಲ್ಲಿ ವಾರಗಟ್ಟಲೆ ಕಳೆಯಬೇಡಿ. ಇಡೀ ಸಾಫ್ಟ್‌ವೇರನ್ನು 4.8ರಲ್ಲೇ ಇಡಿ. ಇಲ್ಲವೇ ರಿಪೋರ್ಟಿಗೆ ಅಂತಲೇ 4.8ರಲ್ಲಿ ಒಂದು ಸಣ್ಣ ಇಎಕ್ಸ್‌ಇ ಮಾಡಿ, ಹೊಸ ಸಾಫ್ಟ್‌ವೇರಿನಿಂದ ಅದಕ್ಕೆ ಬಿಲ್ ನಂಬರ್ ಕೊಟ್ಟು ಕರೆಯಿರಿ. ಹಳೆಯ ರಿಪೋರ್ಟುಗಳು ಬಹಳ ಇದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಎರರ್ ಪೂರ್ತಿ ಓದಿ

ವಿಷುವಲ್ ಸ್ಟುಡಿಯೋದ ಎರರ್ ಲಿಸ್ಟ್‌ನಲ್ಲಿ ಮೂವತ್ತು ಸಾಲು ಬಂದರೂ ಮುಖ್ಯವಾದದ್ದು ಸಾಮಾನ್ಯವಾಗಿ ಮೊದಲ ಒಂದೆರಡು. ಅದರ ಪಕ್ಕದಲ್ಲಿ ಎನ್‌ಯು ಅಥವಾ ಎಂಎಸ್‌ಬಿ ಅಂತ ಶುರುವಾಗುವ ಕೋಡ್ ಇರುತ್ತದೆ, ರೋಗ ಯಾವುದು ಅಂತ ಹೇಳುವುದೇ ಅದು. ನಾಲ್ಕು ಕೋಡ್ ಗೊತ್ತಿದ್ದರೆ ಸಾಕು, ಬಹುಪಾಲು ತೊಂದರೆ ಅಲ್ಲೇ ಸಿಗುತ್ತದೆ.

ಎನ್‌ಯು1202 ಬಂದರೆ, ಈ ಪ್ಯಾಕೇಜಿನೊಳಗೆ ನಿಮ್ಮ ಫ್ರೇಮ್‌ವರ್ಕಿಗೆ ಹೊಂದುವ ಡಿಎಲ್‌ಎಲ್ (ಕೋಡ್ ಇರುವ ಫೈಲ್) ಇಲ್ಲ ಅಂತ ಅರ್ಥ. ಯಾವುದಕ್ಕೆ ಇದೆ ಅನ್ನುವ ಪಟ್ಟಿಯನ್ನೂ ಅದೇ ಎರರ್ ಕೊಡುತ್ತದೆ, ಕೊನೆ ತನಕ ಓದಬೇಕು ಅಷ್ಟೇ. ಆಗ ನ್ಯೂಗೆಟ್ ಸೈಟಿನಲ್ಲಿ ಆ ಪ್ಯಾಕೇಜಿನ ಪುಟ ತೆರೆದು, ವರ್ಷನ್ ಪಟ್ಟಿಯಲ್ಲಿ ಒಂದೊಂದೇ ಹಿಂದಕ್ಕೆ ಹೋಗಿ ಫ್ರೇಮ್‌ವರ್ಕ್ಸ್ ಟ್ಯಾಬ್ ನೋಡಿ. ನಿಮ್ಮದು 4.8 ಆದರೆ ಅಲ್ಲಿ ಹಳೆಯದು, ಹೊಸದು ಎರಡಕ್ಕೂ ಹೊಂದುವ ಡಾಟ್‌ನೆಟ್ ಸ್ಟ್ಯಾಂಡರ್ಡ್ 2.0 ಕಂಡರೂ ನಡೆಯುತ್ತದೆ. ಸ್ಟ್ಯಾಂಡರ್ಡ್ 2.1 ನಡೆಯುವುದಿಲ್ಲ, ಹಳೆಯ ಫ್ರೇಮ್‌ವರ್ಕಿನ ಯಾವ ವರ್ಷನ್ನೂ ಅದನ್ನು ಒಪ್ಪುವುದಿಲ್ಲ.

ಡೇಟಾಬೇಸ್ ಜೊತೆ ಮಾತಾಡುವ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಅನ್ನುವ ಪ್ಯಾಕೇಜ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 3.1 ಸ್ಟ್ಯಾಂಡರ್ಡ್ 2.0ಕ್ಕೆ ಬರೆದದ್ದು, ಹಾಗಾಗಿ 4.8ರಲ್ಲಿ ಓಡುತ್ತದೆ. 5.0ಕ್ಕೆ ಸ್ಟ್ಯಾಂಡರ್ಡ್ 2.1 ಬೇಕು, 6ಕ್ಕೆ ಡಾಟ್‌ನೆಟ್ 6 ಬೇಕು, 8ಕ್ಕೆ ಡಾಟ್‌ನೆಟ್ 8 ಬೇಕು. 3.1ರ ಬೆಂಬಲ 2022ರಲ್ಲೇ ಮುಗಿದಿದೆ. ಆದ್ದರಿಂದ 4.8ರಲ್ಲೇ ಉಳಿಯುವವರು ಕೋರ್ ಬಿಟ್ಟು ಹಳೆಯ ಎಂಟಿಟಿ ಫ್ರೇಮ್‌ವರ್ಕ್ 6 ಹಾಕಿಕೊಳ್ಳುವುದು ಒಳ್ಳೆಯದು.

ಡಾಟ್‌ನೆಟ್ 8ರ ವಿನ್‌ಫಾರ್ಮ್ಸ್ ಪ್ರಾಜೆಕ್ಟಿನಲ್ಲೂ 1202 ಬರುವುದುಂಟು. ಆಗ ಪ್ರಾಜೆಕ್ಟ್ ಫೈಲಿನ ಟಾರ್ಗೆಟ್ ಫ್ರೇಮ್‌ವರ್ಕ್ ಸಾಲು ನೋಡಿ. ಬರೀ ನೆಟ್8.0 ಇದ್ದರೆ ವಿಂಡೋಸ್‌ಗೆ ಅಂತ ಮಾಡಿದ ಪ್ಯಾಕೇಜ್ ಕೂರುವುದಿಲ್ಲ. ನೆಟ್8.0-ವಿಂಡೋಸ್ ಅಂತ ಇರಬೇಕು. ಎಷ್ಟೋ ಸಲ ಇಷ್ಟೇ ಇರುತ್ತದೆ.

ಎನ್‌ಯು1701 ಬರೀ ಹಳದಿ ಎಚ್ಚರಿಕೆ, ಅದಕ್ಕೇ ಜನ ಅದನ್ನು ನೋಡದೆ ಬಿಡುತ್ತಾರೆ. ಹಳೆಯ ಫ್ರೇಮ್‌ವರ್ಕಿಗೆ ಬರೆದ ಪ್ಯಾಕೇಜನ್ನು ಹೊಸದರಲ್ಲಿ ಹೇಗೋ ಕೂರಿಸಿದ್ದೇನೆ, ಓಡಿದರೆ ಓಡಬಹುದು ಅನ್ನುವುದು ಅದರ ಮಾತು. ದಯವಿಟ್ಟು ಅದನ್ನು ಮುಚ್ಚಿಡಬೇಡಿ. ಬಿಲ್ಡ್ ಆಗುತ್ತದೆ, ಸಾಫ್ಟ್‌ವೇರ್ ತೆರೆಯುತ್ತದೆ, ಗಿರಾಕಿ ಪ್ರಿಂಟ್ ಒತ್ತಿದಾಗ ಮಾತ್ರ ಬೀಳುತ್ತದೆ. ಆ ಪ್ಯಾಕೇಜ್ ಬಳಸುವ ಪ್ರತಿ ಸ್ಕ್ರೀನನ್ನೂ ಕೈಯಿಂದ ಓಡಿಸಿ ನೋಡಿ, ಇಲ್ಲವೇ ಬೇರೆ ಪ್ಯಾಕೇಜ್ ಹುಡುಕಿ.

ಎನ್‌ಯು1605 ಅಂದರೆ ಡೌನ್‌ಗ್ರೇಡ್, ಬೇಕಾದದ್ದಕ್ಕಿಂತ ಹಳೆಯ ವರ್ಷನ್ ಹಾಕಿದ್ದೀರಿ ಅಂತ. ಉದಾಹರಣೆಗೆ, ನೀವು ನ್ಯೂಟನ್‌ಸಾಫ್ಟ್ ಜೇಸನ್ ಪ್ಯಾಕೇಜಿಗೆ 12.0.3 ಅಂತ ಬರೆದಿದ್ದೀರಿ, ಆದರೆ ನೀವು ಹಾಕಿದ ಇನ್ನೊಂದು ಪ್ಯಾಕೇಜಿಗೆ ಅದರ 13.0.1 ಬೇಕು. ನೀವು ನೇರವಾಗಿ ಬರೆದ ವರ್ಷನ್ನೇ ನ್ಯೂಗೆಟ್‌ನಲ್ಲಿ ಗೆಲ್ಲುತ್ತದೆ, ಅದಕ್ಕೇ ಈ ತಕರಾರು. ನಿಮ್ಮ ಸಾಲನ್ನು 13.0.1ಕ್ಕೆ ಏರಿಸಿ, ಅಥವಾ ಅದು ನಿಮಗೆ ನೇರವಾಗಿ ಬೇಡವಾದರೆ ಸಾಲನ್ನೇ ಅಳಿಸಿ.

ಎಂಎಸ್‌ಬಿ3277ಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಕೆಳಗೆ ಬರೆಯುತ್ತೇನೆ.

ಯಾರು ಯಾರನ್ನು ಎಳೆದು ತಂದರು

ನೀವು ಹಾಕಿದ್ದು ಐದು ಪ್ಯಾಕೇಜ್ ಇರಬಹುದು, ಒಳಗೆ ಬಂದು ಕೂತದ್ದು ನಲವತ್ತು ಇರಬಹುದು. ಜಗಳ ಮಾಡುವುದು ಹೆಚ್ಚಾಗಿ ಆ ಕಾಣದವು. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಕಮಾಂಡ್ ವಿಂಡೋ ತೆರೆದು ಡಾಟ್‌ನೆಟ್ ಲಿಸ್ಟ್ ಪ್ಯಾಕೇಜ್ ಕಮಾಂಡನ್ನು ಇನ್‌ಕ್ಲೂಡ್-ಟ್ರಾನ್ಸಿಟಿವ್ ಆಯ್ಕೆ ಹಾಕಿ ಓಡಿಸಿ, ಎಲ್ಲವೂ ವರ್ಷನ್ ಸಮೇತ ಕಾಣುತ್ತವೆ. ಹೊಸ ಎಸ್‌ಡಿಕೆ (ಬಿಲ್ಡ್ ಮಾಡುವ ಸಲಕರಣೆ) ಇದ್ದರೆ ಡಾಟ್‌ನೆಟ್ ನ್ಯೂಗೆಟ್ ವೈ (ಇಂಗ್ಲಿಷಿನ why) ಅನ್ನುವ ಕಮಾಂಡ್ ಇನ್ನೂ ಚಲೋ. ಪ್ಯಾಕೇಜಿನ ಹೆಸರು ಕೊಟ್ಟರೆ ಅದು ಯಾರ ಬೆನ್ನು ಹತ್ತಿ ಬಂತು ಅನ್ನುವುದನ್ನು ಸಾಲಾಗಿ ತೋರಿಸುತ್ತದೆ.

ಇದನ್ನು ನೋಡುವ ಮೊದಲು "ಅಪ್‌ಡೇಟ್ ಆಲ್" ಒತ್ತಬೇಡಿ. ಒತ್ತಿದರೆ ನಲವತ್ತೂ ಒಟ್ಟಿಗೆ ಅಲುಗಾಡುತ್ತವೆ, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಕೋಡಿನ ಹಳೆಯ ರೂಪಗಳನ್ನು ಉಳಿಸಿಡುವ ಗಿಟ್‌ನಲ್ಲಿ ಕಮಿಟ್ ಮಾಡಿ, ಒಂದನ್ನು ಬದಲಿಸಿ, ಬಿಲ್ಡ್ ಮಾಡಿ, ಓಡಿಸಿ, ಮತ್ತೆ ಕಮಿಟ್ ಮಾಡಿ. ನಿಧಾನ ಅನ್ನಿಸಿದರೂ ಬೇಗ ಮುಗಿಯುವ ದಾರಿ ಇದೇ.

ಎಲ್ಲ ಸರಿ ಇದ್ದೂ ವಿಚಿತ್ರ ಎರರ್ ಬರುತ್ತಿದ್ದರೆ ವಿಷುವಲ್ ಸ್ಟುಡಿಯೋ ಮುಚ್ಚಿ, ಬಿಲ್ಡ್ ಆದ ಫೈಲುಗಳಿರುವ ಬಿನ್ ಮತ್ತು ಆಬ್ಜ್ ಫೋಲ್ಡರ್ ಅಳಿಸಿ, ಮತ್ತೆ ರಿಸ್ಟೋರ್ ಮಾಡಿ, ಅಂದರೆ ಪ್ಯಾಕೇಜುಗಳನ್ನು ಮತ್ತೆ ತರಿಸಿ. ಇಳಿಸಿದ ಪ್ಯಾಕೇಜುಗಳಿರುವ ನ್ಯೂಗೆಟ್ ಕ್ಯಾಶ್ ಪೂರ್ತಿ ಖಾಲಿ ಮಾಡುವುದು ಕೊನೆಯ ಮದ್ದು. ಊರಲ್ಲಿ ನೆಟ್ ನಿಧಾನ ಇದ್ದರೆ ಎಲ್ಲವನ್ನೂ ಮತ್ತೆ ಇಳಿಸಬೇಕಾಗುತ್ತದೆ, ಅಲ್ವಾ. ಬೇಕಾದ ಪ್ಯಾಕೇಜ್ ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ಇಟ್ಟು ಆ ಫೋಲ್ಡರನ್ನೇ ಪ್ಯಾಕೇಜ್ ಸೋರ್ಸ್ ಅಂತ ಸೇರಿಸಬಹುದು. ಆಗ ನೆಟ್ ಇಲ್ಲದಿದ್ದರೂ ರಿಸ್ಟೋರ್ ಆಗುತ್ತದೆ.

ನಿಮ್ಮಲ್ಲಿ ಓಡುತ್ತದೆ, ಅಲ್ಲಿ ಓಡುವುದಿಲ್ಲ

ಈಗ 3277. ಒಂದೇ ಡಿಎಲ್‌ಎಲ್‌ನ ಎರಡು ವರ್ಷನ್‌ಗಳನ್ನು ಇಬ್ಬರು ಕೇಳುತ್ತಿದ್ದಾರೆ ಅನ್ನುವುದು ಅದರ ಅರ್ಥ. ಹಳೆಯ ಫ್ರೇಮ್‌ವರ್ಕಿನಲ್ಲಿ ಸ್ಟ್ರಾಂಗ್ ನೇಮ್ (ವರ್ಷನ್ ಸಮೇತ ಸಹಿ ಮಾಡಿದ ಹೆಸರು) ಇರುವ ಡಿಎಲ್‌ಎಲ್‌ಗೆ ಕೇಳಿದ ವರ್ಷನ್ನೇ ಬೇಕು. ಇಲ್ಲದಿದ್ದರೆ "ಕುಡ್ ನಾಟ್ ಲೋಡ್ ಫೈಲ್ ಆರ್ ಅಸೆಂಬ್ಲಿ" ಅಂತ ಬೀಳುತ್ತದೆ. ಇದಕ್ಕೆ ಬೈಂಡಿಂಗ್ ರೀಡೈರೆಕ್ಟ್ ಬೇಕು, ಅಂದರೆ ಹಳೆಯದನ್ನು ಕೇಳಿದವರಿಗೂ ಹೊಸದನ್ನೇ ಕೊಡು ಅನ್ನುವ ಸೂಚನೆ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಆಟೋ ಜನರೇಟ್ ಬೈಂಡಿಂಗ್ ರೀಡೈರೆಕ್ಟ್ಸ್ ಆನ್ ಮಾಡಿ, ಬಿಲ್ಡ್ ಆಗುವಾಗ ಅದೇ ಬರೆದುಕೊಳ್ಳುತ್ತದೆ.

ಕೈಯಿಂದ ಬರೆಯುವವರು ಒಂದು ನೆನಪಿಡಿ. ಪ್ಯಾಕೇಜಿನ ವರ್ಷನ್ ಬೇರೆ, ಒಳಗಿನ ಅಸೆಂಬ್ಲಿಯ, ಅಂದರೆ ಡಿಎಲ್‌ಎಲ್‌ನ, ವರ್ಷನ್ ಬೇರೆ. ನ್ಯೂಟನ್‌ಸಾಫ್ಟ್ 13.0.3 ಪ್ಯಾಕೇಜಿನ ಅಸೆಂಬ್ಲಿ ವರ್ಷನ್ 13.0.0.0. ರೀಡೈರೆಕ್ಟ್‌ನಲ್ಲಿ ಬರೆಯಬೇಕಾದದ್ದು ಎರಡನೆಯದು.

ಈ ಸೂಚನೆಗಳೆಲ್ಲ ಇಎಕ್ಸ್‌ಇ ಪಕ್ಕದಲ್ಲಿರುವ ಕಾನ್ಫಿಗ್ ಫೈಲಿನಲ್ಲಿರುತ್ತವೆ. ನಮ್ಮ ಕಡೆ ಅಪ್‌ಡೇಟ್ ಕೊಡುವುದು ಹೇಗೆ ಅಂದರೆ ಇಎಕ್ಸ್‌ಇ ಮತ್ತು ಬದಲಾದ ಒಂದೆರಡು ಡಿಎಲ್‌ಎಲ್ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುವುದು, ಇಲ್ಲವೇ ಎನಿಡೆಸ್ಕ್‌ನಲ್ಲಿ ಕಳಿಸುವುದು. ಕಾನ್ಫಿಗ್ ಫೈಲ್ ಇಲ್ಲೇ ಉಳಿಯುತ್ತದೆ. ಅಲ್ಲಿನ ಫೋಲ್ಡರಿನಲ್ಲಿ ಎರಡು ವರ್ಷದ ಹಿಂದಿನ ಡಿಎಲ್‌ಎಲ್ ಕೂಡ ಕೂತಿರುತ್ತದೆ. ಹೀಗೆ ಬಿಡಿಬಿಡಿಯಾಗಿ ಕೊಡುವುದನ್ನು ಇವತ್ತೇ ನಿಲ್ಲಿಸಿ. ಯಾವಾಗಲೂ ಇಡೀ ಫೋಲ್ಡರ್ ಕೊಡಿ.

ಹೊಸ ಡಾಟ್‌ನೆಟ್‌ನಲ್ಲಿ ರೀಡೈರೆಕ್ಟ್ ಕಾಟ ಇಲ್ಲ, ಆದರೆ ಗಿರಾಕಿಯ ಕಂಪ್ಯೂಟರಿನಲ್ಲಿ ರನ್‌ಟೈಮ್ ಇರಬೇಕು. ಬರೀ ರನ್‌ಟೈಮ್ ಹಾಕಿದರೆ ವಿನ್‌ಫಾರ್ಮ್ಸ್ ಓಡುವುದಿಲ್ಲ, ಡೆಸ್ಕ್‌ಟಾಪ್ ರನ್‌ಟೈಮ್ ಅಂತಲೇ ಬೇರೆ ಇದೆ, ಅದನ್ನು ಹಾಕಿ. ನಾನಂತೂ ಸಣ್ಣ ಊರಿನ ಗಿರಾಕಿಗಳಿಗೆ ಸೆಲ್ಫ್ ಕಂಟೇನ್ಡ್ ಪಬ್ಲಿಶ್ ಮಾಡಿ ಕೊಡಿ ಅನ್ನುತ್ತೇನೆ. ಫೋಲ್ಡರ್ ದೊಡ್ಡದಾಗುತ್ತದೆ, ಆದರೆ ಬೇಕಾದದ್ದೆಲ್ಲ ಅದರೊಳಗೇ ಇರುತ್ತದೆ.

32 ಬಿಟ್, 64 ಬಿಟ್ ಗೊಂದಲವೂ ಇಲ್ಲೇ ಬರುತ್ತದೆ. ಡೇಟಾ ಹಳೆಯ ಆಕ್ಸೆಸ್ ಫೈಲಿನಲ್ಲಿದ್ದು ಅದನ್ನು ಓದಲು ಜೆಟ್ 4.0 ಪ್ರೊವೈಡರ್ ಬಳಸುತ್ತಿದ್ದರೆ ಅದು 32 ಬಿಟ್ ಮಾತ್ರ. ಪ್ರಾಜೆಕ್ಟನ್ನು ಎಕ್ಸ್86ಕ್ಕೆ, ಅಂದರೆ 32 ಬಿಟ್‌ಗೆ, ಇಡಿ. "ಬ್ಯಾಡ್ ಇಮೇಜ್ ಫಾರ್ಮ್ಯಾಟ್" ಅಂತ ಬಂದರೆ ಮೊದಲು ಈ ಬಿಟ್ ವಿಷಯವನ್ನೇ ನೋಡಿ.

ಬಿಲ್ಡ್ ಆಯಿತು, ಆದರೆ ನಡೆ ಬದಲಾಯಿತು

ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಚಿಂತೆ. ಎರರ್ ಕೊಡುವ ತೊಂದರೆಯನ್ನು ಹಿಡಿಯಬಹುದು, ಎರರ್ ಕೊಡದೆ ಡೇಟಾ ಕೆಡಿಸುವುದನ್ನು ಹಿಡಿಯುವುದು ಕಷ್ಟ.

ಗದಗಿನ ಪ್ರೆಸ್ಸುಗಳಲ್ಲಿ ನುಡಿ ಸಾಫ್ಟ್‌ವೇರಿನ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಟೆಕ್ಸ್ಟ್ ಫೈಲುಗಳು ಇನ್ನೂ ಇವೆ. ಅವನ್ನು ಓದಲು ನಿಮ್ಮ ಕೋಡಿನಲ್ಲಿ ಎನ್‌ಕೋಡಿಂಗ್ ಡೀಫಾಲ್ಟ್ ಬಳಸಿದ್ದರೆ ಎಚ್ಚರ. ಹಳೆಯ ಫ್ರೇಮ್‌ವರ್ಕಿನಲ್ಲಿ ಅದು ವಿಂಡೋಸ್‌ನ ಕೋಡ್ ಪೇಜ್ (ಯಾವ ಬೈಟಿಗೆ ಯಾವ ಅಕ್ಷರ ಅನ್ನುವ ಪಟ್ಟಿ), ಸಾಮಾನ್ಯವಾಗಿ 1252. ಡಾಟ್‌ನೆಟ್ ಕೋರ್‌ನಿಂದ (ಹೊಸ ಡಾಟ್‌ನೆಟ್‌ನ ಮೊದಲ ಹೆಸರು) ಈಚೆಗೆ ಅದು ಯಾವಾಗಲೂ ಯುಟಿಎಫ್-8. ಹೊಸದರಲ್ಲಿ ಆ ಫೈಲ್ ತೆರೆದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆಯ ಕಪ್ಪು ವಜ್ರಗಳು ಬರುತ್ತವೆ. ಅದನ್ನು ಹಾಗೇ ಸೇವ್ ಮಾಡಿದರೆ ಮೂಲ ಬೈಟುಗಳು ಹೋದವು, ವಾಪಸ್ ತರಲಾಗದು. ಪ್ರೋಗ್ರಾಂ ಶುರುವಾಗುವ ಕಡೆ ಕೋಡ್ ಪೇಜಸ್ ಎನ್‌ಕೋಡಿಂಗ್ ಪ್ರೊವೈಡರನ್ನು ರಿಜಿಸ್ಟರ್ ಮಾಡಿ, ಓದುವಾಗಲೂ ಬರೆಯುವಾಗಲೂ 1252 ಅಂತ ಹೆಸರು ಹಿಡಿದು ಕೇಳಿ. ಅದಕ್ಕೂ ಮೊದಲು ಆ ಫೈಲುಗಳ ಒಂದು ನಕಲು ಬೇರೆ ಡ್ರೈವಿನಲ್ಲಿರಲಿ.

ಎಸ್‌ಕ್ಯುಎಲ್ ಸರ್ವರ್ ಬಳಸುವವರು ಸಿಸ್ಟಮ್ ಡೇಟಾದ ಹಳೆಯ ಎಸ್‌ಕ್ಯುಎಲ್ ಕ್ಲೈಂಟ್ ಬಿಟ್ಟು ಮೈಕ್ರೋಸಾಫ್ಟ್ ಡೇಟಾದ ಕ್ಲೈಂಟಿಗೆ ಹೋದಾಗ ಸರ್ಟಿಫಿಕೇಟ್ ನಂಬಿಕೆಯದ್ದಲ್ಲ ಅನ್ನುವ ಎರರ್ ಕಾಣುತ್ತಾರೆ. 4.0ರಿಂದ ಎನ್‌ಕ್ರಿಪ್ಟ್ ಅನ್ನುವುದು ಡೀಫಾಲ್ಟಾಗಿ ಆನ್ ಇರುತ್ತದೆ, ಕಾರಣ ಅಷ್ಟೇ. ಡೇಟಾಬೇಸ್ ಅದೇ ಅಂಗಡಿಯೊಳಗಿನ ಕಂಪ್ಯೂಟರಿನಲ್ಲಿದ್ದರೆ ಕನೆಕ್ಷನ್ ಸ್ಟ್ರಿಂಗಿನಲ್ಲಿ ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಟ್ರೂ ಅಂತ ಹಾಕಿದರೆ ಸಾಕು. ಇಂಟರ್‌ನೆಟ್ ಮೂಲಕ ಹೋಗುವಂತಿದ್ದರೆ ಹಾಗೆ ಮಾಡಬೇಡಿ, ಸರಿಯಾದ ಸರ್ಟಿಫಿಕೇಟ್ ಹಾಕಿಸಿ.

ಬೈನರಿ ಫಾರ್ಮ್ಯಾಟರ್‌ನಲ್ಲಿ ಏನಾದರೂ ಫೈಲಿಗೆ ಉಳಿಸಿದ್ದರೆ ಡಾಟ್‌ನೆಟ್ 9ರಿಂದ ಅದು ಕೆಲಸ ಮಾಡುವುದಿಲ್ಲ. ಹಳೆಯ ಸಾಫ್ಟ್‌ವೇರಿನಲ್ಲೇ ಅದನ್ನು ಓದಿ ಜೇಸನ್ ಅನ್ನುವ ಟೆಕ್ಸ್ಟ್ ರೂಪಕ್ಕೆ ಬದಲಿಸಿ, ಆಮೇಲೆ ಮೇಲಕ್ಕೆ ಹೋಗಿ. ವಿನ್‌ಫಾರ್ಮ್ಸ್‌ನ ಡೀಫಾಲ್ಟ್ ಫಾಂಟ್ ಕೂಡ ಕೋರ್ 3.0ದಲ್ಲಿ ಸೆಗೋ ಯುಐ 9 ಆಯಿತು, ಅದಕ್ಕೇ ಹಳೆಯ ಫಾರ್ಮುಗಳು ಹಿಗ್ಗಿ ಬಟನ್‌ಗಳು ಸರಿದ ಹಾಗೆ ಕಾಣುತ್ತವೆ. ಡಾಟ್‌ನೆಟ್ 6ರಿಂದ ಪ್ರಾಜೆಕ್ಟ್ ಫೈಲಿನಲ್ಲೇ ಹಳೆಯ ಫಾಂಟ್ ಹೇಳಬಹುದು.

ಸರಿ ಹೋದ ಮೇಲೆ ಕಟ್ಟಿಹಾಕಿ

ಗ್ಲೋಬಲ್ ಜೇಸನ್ ಫೈಲಿನಲ್ಲಿ ಎಸ್‌ಡಿಕೆ ವರ್ಷನ್ ಬರೆದಿಡಿ. ಎಲ್ಲ ಪ್ಯಾಕೇಜಿನ ವರ್ಷನ್ ಬರೆದಿಡುವ ಪ್ಯಾಕೇಜ್ ಲಾಕ್ ಫೈಲ್ ಆನ್ ಮಾಡಿ ಗಿಟ್‌ಗೆ ಸೇರಿಸಿ. ಸೊಲ್ಯೂಷನ್ನಿನಲ್ಲಿ ನಾಲ್ಕೈದು ಪ್ರಾಜೆಕ್ಟ್ ಇದ್ದರೆ ಡೈರೆಕ್ಟರಿ ಪ್ಯಾಕೇಜಸ್ ಪ್ರಾಪ್ಸ್ ಅನ್ನುವ ಒಂದೇ ಫೈಲಿನಲ್ಲಿ ಎಲ್ಲ ವರ್ಷನ್ ಇಡಿ. ಹೀಗೆ ಮಾಡಿದರೆ ಧಾರವಾಡದಲ್ಲಿರುವ ನಿಮ್ಮ ಜೊತೆಗಾರನ ಲ್ಯಾಪ್‌ಟಾಪಿನಲ್ಲೂ ನಿಮ್ಮದರಲ್ಲೂ ಒಂದೇ ವರ್ಷನ್ ಇಳಿಯುತ್ತದೆ. ಇನ್ನೂ ಪ್ಯಾಕೇಜಸ್ ಕಾನ್ಫಿಗ್ ಫೈಲಿರುವ ಹಳೆಯ ಪ್ರಾಜೆಕ್ಟ್ ಆದರೆ ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ಯಾಕೇಜ್ ರೆಫರೆನ್ಸ್‌ಗೆ (ಪ್ಯಾಕೇಜುಗಳನ್ನು ಪ್ರಾಜೆಕ್ಟ್ ಫೈಲಿನಲ್ಲೇ ಬರೆಯುವ ರೀತಿ) ಬದಲಿಸುವುದು ಮೊದಲ ಕೆಲಸ.

ಗಿರಾಕಿಯ ಹತ್ತಿರ ಹಾಕುವಾಗ ಹಳೆಯ ಫೋಲ್ಡರಿನ ಮೇಲೆ ಬರೆಯಬೇಡಿ, ಪಕ್ಕದಲ್ಲಿ ಹೊಸ ಫೋಲ್ಡರ್ ಮಾಡಿ. ಡೇಟಾಬೇಸ್ ಬ್ಯಾಕಪ್ ತೆಗೆದುಕೊಂಡೇ ಕೈ ಹಾಕಿ. ಮೆಣಸಿನಕಾಯಿ ಆವಕ ಜೋರಾಗಿರುವ ಫೆಬ್ರವರಿ, ಮಾರ್ಚ್‌ನಲ್ಲಿ ಬ್ಯಾಡಗಿಯ ಅಂಗಡಿಯವರಿಗೆ ಫ್ರೇಮ್‌ವರ್ಕ್ ಬದಲಿಸುವ ಕೆಲಸ ಬೇಡವೇ ಬೇಡ. ಒಂದು ಪೂರ್ತಿ ತಿಂಗಳ ಜಿಎಸ್‌ಟಿ ರಿಪೋರ್ಟ್ ಹೊಸದರಲ್ಲಿ ತೆಗೆದು, ಹಳೆಯದರ ಜೊತೆ ತಾಳೆ ನೋಡಿ, ಪೈಸೆ ಸಮೇತ ಹೊಂದಿದ ಮೇಲೆ ಹಳೆಯ ಫೋಲ್ಡರ್ ತೆಗೆಯಿರಿ.